ಅಟ್ಲಾಂಟಿಕ್ ದಾಟುವ ಹಾಯಿದೋಣಿ ಓಟ: ಹವ್ಯಾಸಿ ತಂಡದ ತಯಾರಿ

ಸ್ಪೇನ್‌ನ ಗ್ರಾನ್ ಕನೇರಿಯಾ ದ್ವೀಪದ ಲಾಸ್ ಪಾಲ್ಮಸ್ ಬಂದರಿನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾಕ್ಕೆ ಪ್ರತಿ ನವೆಂಬರ್‌ನಲ್ಲಿ ಹೊರಡುವ ಎಆರ್‌ಸಿ (ಅಟ್ಲಾಂಟಿಕ್ ರ್ಯಾಲಿ ಫಾರ್ ಕ್ರೂಸರ್ಸ್) ಎಂಬ ಹಾಯಿದೋಣಿ ಓಟ 1986ರಲ್ಲಿ ಶುರುವಾಯಿತು. ದೂರ ಸುಮಾರು 2,700 ನಾಟಿಕಲ್ ಮೈಲಿ. ಚಂಡಮಾರುತದ ಕಾಲ ಮುಗಿಯುತ್ತಾ ಬಂದು ವಾಣಿಜ್ಯ ಮಾರುತ ನೆಲೆಗೊಳ್ಳುವ ಹೊತ್ತೆಂದೇ ಆ ತಿಂಗಳು. ಕ್ರೂಸಿಂಗ್ (ಪ್ರವಾಸಿ ದೋಣಿಗಳ) ವಿಭಾಗದಲ್ಲಿ ಎಂಜಿನ್ ಓಡಿಸಬಹುದು, ಆದರೆ ಓಡಿಸಿದ ಗಂಟೆಗಳು ಫಲಿತಾಂಶದಲ್ಲಿ ದಂಡವಾಗಿ ಸೇರುತ್ತವೆ. ರೇಸಿಂಗ್ ವಿಭಾಗದಲ್ಲಿ ಮುನ್ನಡೆಯಲು ಹಾಯಿ ಮಾತ್ರ.

ಸರಾಸರಿ 6 ನಾಟ್ (ಗಂಟೆಗೆ 6 ನಾಟಿಕಲ್ ಮೈಲಿ) ವೇಗ ಸಿಕ್ಕರೆ 450 ಗಂಟೆ, ಅಂದರೆ ಹತ್ತಿರಹತ್ತಿರ 19 ದಿನ. ಇಷ್ಟೂ ದಿನ ಗಾಳಿ ಹೆಚ್ಚಾಗಿ ಬೆನ್ನ ಹಿಂದಿರುತ್ತದೆ. ಕೇಳಲು ಸುಖ ಅನಿಸುತ್ತದೆ, ಆದರೆ ದೋಣಿಗೆ ಅದೇ ಕಷ್ಟ. ಗಾಳಿ ಹಿಂದಿದ್ದಾಗ ದೋಣಿ ಎಡಕ್ಕೂ ಬಲಕ್ಕೂ ಹೊರಳುತ್ತಲೇ ಇರುತ್ತದೆ. 5 ಸೆಕೆಂಡಿಗೊಮ್ಮೆ ಹೊರಳಿದರೂ ದಿನಕ್ಕೆ 17,280 ಸಲ. ಪ್ರತಿ ಸಲವೂ ಒಂದು ಹಗ್ಗ ಎಲ್ಲೋ ಒಂದು ಲೋಹದ ಅಂಚಿಗೆ ಉಜ್ಜುತ್ತದೆ. ಹವ್ಯಾಸಿ ತಂಡ ದಿನಗಟ್ಟಲೆ ಕಳೆದುಕೊಳ್ಳುವುದು ಈ ಸವೆತದಿಂದಲೇ ಹೊರತು ಹಾಯಿ ಹೊಂದಿಸುವ ಜಾಣ್ಮೆ ಸಾಲದ್ದರಿಂದಲ್ಲ.

ಸವೆತದ ವಿರುದ್ಧ

ಮೊದಲು ನೋಡಬೇಕಾದ್ದು ಹ್ಯಾಲ್ಯಾರ್ಡ್, ಅಂದರೆ ಹಾಯಿಯನ್ನು ಮೇಲೆತ್ತುವ ಹಗ್ಗ. ಅದು ಕೂವೆಮರದ ತುದಿಯ ರಾಟೆಯ ಮೇಲೆ ಒಂದೇ ಜಾಗದಲ್ಲಿ ಕೂತು ಸವೆಯುತ್ತದೆ. ದಿನಕ್ಕೊಮ್ಮೆ ಗೇಣುದ್ದ ಸಡಿಲಿಸಿ ಇಲ್ಲವೇ ಎಳೆದು ಆ ಜಾಗ ಬದಲಿಸಿ. ಹೊರಡುವ ಮೊದಲೇ ಹ್ಯಾಲ್ಯಾರ್ಡ್ 2 ಮೀಟರ್ ಹೆಚ್ಚು ಉದ್ದ ಇರಲಿ. ತುದಿ ಸವೆದಾಗ ಅಷ್ಟನ್ನು ಕತ್ತರಿಸಿ ಮತ್ತೆ ಕಟ್ಟಬಹುದು. ಒಳಗೆ ಡೈನೀಮಾ ಎಂಬ ಕೃತಕ ನಾರು ಇರುವ ಹಗ್ಗವಾದರೆ ರಾಟೆಗೆ ತಾಗುವ ಭಾಗಕ್ಕೆ ಹೆಚ್ಚುವರಿ ಹೊದಿಕೆ ಹೊಲಿಸಿ. ಡೈನೀಮಾ ಎಳೆತಕ್ಕೆ ಬಲವಾದದ್ದು, ಆದರೆ ಉಜ್ಜಿ ಹುಟ್ಟುವ ಬಿಸಿಗೆ ಬೇಗ ಸೋಲುತ್ತದೆ.

ಮುಖ್ಯ ಹಾಯಿ ಪೂರ್ತಿ ಹೊರಗೆ ಬಿಟ್ಟಾಗ ಸ್ಪ್ರೆಡರ್, ಅಂದರೆ ಕೂವೆಮರದಿಂದ ಪಕ್ಕಕ್ಕೆ ಚಾಚಿದ ಅಡ್ಡಕೋಲಿನ ತುದಿಗೆ ಒರಗುತ್ತದೆ. ಬಂದರಿನಲ್ಲೇ ಹಾಯಿ ಏರಿಸಿ, ತಾಗುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಎರಡೂ ಬದಿಗೆ ತೇಪೆ ಹೊಲಿಸಿ.

ಪ್ರಿವೆಂಟರ್, ಅಂದರೆ ಬೂಮ್ ಅಪ್ಪಳಿಸದಂತೆ ತಡೆಯುವ ಹಗ್ಗದ ಬಗ್ಗೆ ರಾಜಿಯೇ ಬೇಡ. ಚುಕ್ಕಾಣಿ ಹಿಡಿದವರು ಕ್ಷಣ ಮೈಮರೆತರೆ ಬೂಮ್ (ಮುಖ್ಯ ಹಾಯಿಯ ಬುಡದ ಅಡ್ಡಕಂಬ) ಈ ಬದಿಯಿಂದ ಆ ಬದಿಗೆ ಅಪ್ಪಳಿಸುತ್ತದೆ, ದಾರಿಯಲ್ಲಿ ತಲೆ ಇದ್ದರೆ ಜೀವವೇ ಹೋಗುತ್ತದೆ. ಪ್ರಿವೆಂಟರನ್ನು ಬೂಮ್‌ನ ತುದಿಗೇ ಕಟ್ಟಬೇಕು. ನಡುವೆ ಕಟ್ಟಿದರೆ, ಹೊರಳಿದಾಗ ಬೂಮ್ ತುದಿ ನೀರಿಗೆ ಅದ್ದಿ, ಕಟ್ಟಿದ ಜಾಗದಲ್ಲೇ ಬಾಗಿ ಮುರಿಯುತ್ತದೆ. ತುದಿಯಿಂದ ದೋಣಿಯ ಮೂತಿಯ ಬ್ಲಾಕ್‌ಗೆ (ರಾಟೆಗೆ), ಅಲ್ಲಿಂದ ಚುಕ್ಕಾಣಿ ಹಿಡಿಯುವ ಜಾಗವಾದ ಕಾಕ್‌ಪಿಟ್‌ಗೆ ತನ್ನಿ. ಆಗ ಕತ್ತಲಲ್ಲಿ ಯಾರೂ ಮುಂದೆ ಹೋಗದೆ ಬಿಡಿಸಬಹುದು. 12 ಮೀಟರ್ ದೋಣಿಗೆ 12 ಮಿ.ಮೀ. ಪಾಲಿಯೆಸ್ಟರ್ ಹಗ್ಗ ಸುಮಾರು 25 ಮೀಟರ್ ಬೇಕು. ಎರಡೂ ಬದಿಗೆ ಒಂದೊಂದು ಸಿದ್ಧವಿರಲಿ.

ಬೆಳಕಾದ ಕೂಡಲೇ ಒಬ್ಬರು ಡೆಕ್ ಪೂರ್ತಿ ಸುತ್ತಬೇಕು: ಲೋಹದ ಕೊಂಡಿಗಳಾದ ಶ್ಯಾಕಲ್, ಅವು ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್, ಬೂಮ್ ಕೂವೆಮರಕ್ಕೆ ಸೇರುವ ಗೂಸ್‌ನೆಕ್. ಬೈನಾಕ್ಯುಲರ್‌ನಲ್ಲಿ ಕೂವೆಮರದ ತುದಿವರೆಗೂ ನೋಡಲಿ. ಡೆಕ್ ಮೇಲೆ ಒಂದು ನಟ್ ಸಿಕ್ಕರೆ ಅದು ಎಲ್ಲಿಂದ ಬಿತ್ತು ಅನ್ನುವುದು ತಿಳಿಯುವವರೆಗೆ ಬೇರೆ ಕೆಲಸ ಬೇಡ.

ಎಷ್ಟು ಕೋನದಲ್ಲಿ ಓಡಬೇಕು

ಗಾಳಿಗೆ ನೇರ ಬೆನ್ನು ಕೊಟ್ಟರೆ ದಾರಿ ಗಿಡ್ಡ, ಆದರೆ ಹೊರಳಾಟ ಜಾಸ್ತಿ, ವೇಗ ಕಡಿಮೆ. 20 ಡಿಗ್ರಿ ಪಕ್ಕಕ್ಕೆ ತಿರುಗಿದರೆ ದೂರ ಶೇ. 6ರಷ್ಟು ಬೆಳೆಯುತ್ತದೆ, 30 ಡಿಗ್ರಿಗೆ ಶೇ. 15ಕ್ಕೂ ಹೆಚ್ಚು. ನೇರ ಓಟದಲ್ಲಿ 6 ನಾಟ್ ಬರುವ ದೋಣಿ 20 ಡಿಗ್ರಿಯಲ್ಲಿ 6.4 ದಾಟಿದರೆ ಲಾಭ. 30 ಡಿಗ್ರಿಯಲ್ಲಿ 6.9 ದಾಟಲೇಬೇಕು. ನಿಮ್ಮ ದೋಣಿಯ ಲೆಕ್ಕವನ್ನು ಮೊದಲ ಎರಡು ದಿನದಲ್ಲೇ ಬರೆದಿಟ್ಟುಕೊಳ್ಳಿ. ಭಾರದ ಕ್ರೂಸಿಂಗ್ ದೋಣಿಗಳಿಗೆ ಸಾಮಾನ್ಯವಾಗಿ 15–20 ಡಿಗ್ರಿ ಸಾಕು.

ಮೊದಲ ಸಲ ದಾಟುವ ತಂಡ ಸೂರ್ಯ ಮುಳುಗುವ ಮುನ್ನ ಸ್ಪಿನೇಕರ್ (ಬೆನ್ನುಗಾಳಿಗೆ ಉಬ್ಬುವ ತೆಳು ದೊಡ್ಡ ಹಾಯಿ) ಇಳಿಸುವುದೇ ಸರಿ. ರಾತ್ರಿಗೆ ಪೋಲ್ (ಹಾಯಿಯನ್ನು ಹೊರಚಾಚಿ ಹಿಡಿಯುವ ಕೋಲು) ಕೊಟ್ಟ ಜೆನೋವಾ (ಮುಂದಿನ ದೊಡ್ಡ ಹಾಯಿ), ಒಂದು ರೀಫ್ ಹಾಕಿದ, ಅಂದರೆ ಒಂದು ಹಂತ ಚಿಕ್ಕದಾಗಿಸಿದ ಮುಖ್ಯ ಹಾಯಿ ಇರಲಿ. 12 ಗಂಟೆಯಲ್ಲಿ 0.7 ನಾಟ್ ಕಳೆದುಕೊಂಡರೆ 8 ಮೈಲಿ ಹೋಯಿತು, ಅಷ್ಟೇ. ಕತ್ತಲಲ್ಲಿ ಸ್ಕ್ವಾಲ್ (ಥಟ್ಟನೆ ಎರಗುವ ಬಿರುಗಾಳಿ) ಬಂದು ಸ್ಪಿನೇಕರ್ ಫೋರ್‌ಸ್ಟೇಗೆ (ಕೂವೆಮರವನ್ನು ಮುಂದಿನಿಂದ ಬಿಗಿಯುವ ತಂತಿಗೆ) ಸುತ್ತಿಕೊಂಡರೆ ಹಾಯಿಯೇ ಹೋಗುತ್ತದೆ. ರೇಡಾರ್ ಅನ್ನು 12 ಮೈಲಿ ವ್ಯಾಪ್ತಿಯಲ್ಲಿಟ್ಟರೆ ಮಳೆಮೋಡ ಮೊದಲೇ ಕಾಣುತ್ತದೆ. ಅದು ಹತ್ತಿರವಾಗುವ ಮೊದಲೇ ಜೆನೋವಾವನ್ನು ಮೂರನೇ ಒಂದು ಭಾಗಕ್ಕೆ ಸುತ್ತಿ, ಗಾಳಿಗೆ ಬೆನ್ನು ಕೊಟ್ಟು ಓಡಿ.

ಪಾಳಿ ಮತ್ತು ಕೊಂಡಿ

ಆರು ಜನರಿದ್ದರೆ ಇಬ್ಬಿಬ್ಬರ ಮೂರು ತಂಡ, 3 ಗಂಟೆ ಕೆಲಸ, 6 ಗಂಟೆ ಬಿಡುವು. ದಿನಕ್ಕೆ ಎಂಟು ಪಾಳಿ ಬರುವುದರಿಂದ ತಂಡಗಳ ಹೊತ್ತು ತಾನಾಗಿಯೇ ಸರಿಯುತ್ತಾ ಹೋಗುತ್ತದೆ. 4 ಗಂಟೆಯ ಪಾಳಿ ಮಾಡಿದರೆ ನಡುರಾತ್ರಿ 12ರಿಂದ 4 ಪ್ರತಿದಿನ ಒಂದೇ ತಂಡದ ಪಾಲು. ಒಂದು ವಾರದೊಳಗೆ ಅಸಮಾಧಾನ ಹುಟ್ಟುತ್ತದೆ. ಆಟೊಪೈಲಟ್ ಇದ್ದರೂ ಎಲ್ಲರೂ ರಾತ್ರಿ ಕೈಯಿಂದ ಚುಕ್ಕಾಣಿ ಹಿಡಿದು ಅಭ್ಯಾಸ ಮಾಡಿರಬೇಕು, ಏಕೆಂದರೆ ಅದು ಕೈಕೊಟ್ಟರೆ ಉಳಿದ ದಾರಿಯೆಲ್ಲ ಕೈಯದೇ. ತುರ್ತು ಟಿಲ್ಲರ್ (ಚುಕ್ಕಾಣಿ ತಿರುಗಿಸುವ ಕೈಪಿಡಿ) ಕೂರುತ್ತದೆಯೇ ಎಂದು ಬಂದರಿನಲ್ಲೇ ಕೂರಿಸಿ ನೋಡಿ.

ಕತ್ತಲಾದ ಮೇಲೆ ಕಾಕ್‌ಪಿಟ್‌ನಲ್ಲೂ ಟೆದರ್, ಅಂದರೆ ಮೈಯನ್ನು ದೋಣಿಗೆ ಬಂಧಿಸುವ ಪಟ್ಟಿ ಸಿಕ್ಕಿಸಿರಬೇಕು. 2017ರ ನವೆಂಬರ್‌ನಲ್ಲಿ ಜಗತ್ತು ಸುತ್ತುವ ಕ್ಲಿಪ್ಪರ್ ರೇಸ್‌ನ ದೋಣಿಯೊಂದರಲ್ಲಿ ಸುರಕ್ಷತಾ ಟೆದರ್‌ನ ಕೊಂಡಿ ಡೆಕ್‌ನ ಕ್ಲೀಟ್ (ಹಗ್ಗ ಕಟ್ಟುವ ಕೊಂಬಿನ ಗೂಟ) ಕೆಳಗೆ ಸಿಕ್ಕಿಕೊಂಡು, ಅಡ್ಡ ಎಳೆತಕ್ಕೆ ಬಾಗಿ ಬಿಚ್ಚಿತು. ಒಬ್ಬ ಹವ್ಯಾಸಿ ನಾವಿಕ ಪ್ರಾಣ ಕಳೆದುಕೊಂಡರು. ಕೊಂಡಿಯ ಬಲವೆಲ್ಲ ಉದ್ದದ ಎಳೆತಕ್ಕೆ ಮಾತ್ರ. ಆದ್ದರಿಂದ ಜ್ಯಾಕ್‌ಸ್ಟೇ, ಅಂದರೆ ಟೆದರ್ ಸಿಕ್ಕಿಸಲು ಡೆಕ್ ಉದ್ದಕ್ಕೂ ಹಾಸಿದ ಪಟ್ಟಿಯನ್ನು ಕ್ಲೀಟ್‌ಗಳಿಂದ ದೂರ ಹಾಯಿಸಿ, ಕೊಂಡಿ ಸಿಕ್ಕಿಸಿಕೊಂಡು ಅದರುದ್ದಕ್ಕೂ ನಡೆದು, ಎಲ್ಲೆಲ್ಲಿ ಸಿಕ್ಕಿಕೊಳ್ಳಬಹುದು ಎಂದು ಪರೀಕ್ಷಿಸಿ.

ನೀರು, ಊಟ, ಕಾಗದ

ತಲೆಗೆ ದಿನಕ್ಕೆ 3 ಲೀಟರ್, ಆರು ಜನ, 25 ದಿನ: 450 ಲೀಟರ್. ಸಮುದ್ರದ ನೀರನ್ನು ಸಿಹಿಯಾಗಿಸುವ ವಾಟರ್‌ಮೇಕರ್ ನಂಬಿ ಇದನ್ನು ಇಳಿಸಬೇಡಿ. ಎರಡು ಟ್ಯಾಂಕ್‌ಗೆ ಹಂಚಿ, ಒಂದಷ್ಟು ಬಾಟಲಿಯಲ್ಲಿಡಿ. ಒಂದು ಟ್ಯಾಂಕ್ ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಪಾತ್ರೆ ತೊಳೆಯಲು ಸಮುದ್ರದ ನೀರೇ ಸಾಕು. ಹೊರಳುವ ದೋಣಿಯಲ್ಲಿ ಮುಚ್ಚಳ ಬಿಗಿಯುವ ಪ್ರೆಶರ್ ಕುಕ್ಕರ್‌ನಷ್ಟು ಸುರಕ್ಷಿತ ಪಾತ್ರೆ ಇಲ್ಲ. ಗ್ಯಾಸ್ ಹಚ್ಚಲಾಗದ ದಿನಕ್ಕೆ ಅವಲಕ್ಕಿ, ಹುರಿಹಿಟ್ಟು ಒಯ್ಯಿರಿ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಲಾಸ್ ಪಾಲ್ಮಸ್‌ಗೆ ಶೆಂಗೆನ್ ವೀಸಾ ಬೇಕು. ದೋಣಿಯಲ್ಲಿ ಹೊರಡುವಾಗ ಬಂದರಿನಲ್ಲಿ ನಿರ್ಗಮನವನ್ನು ದಾಖಲಿಸಿಕೊಳ್ಳುವುದನ್ನು ಮರೆಯಬೇಡಿ.

ಕೊನೆಯ ದಿನ

ಸೇಂಟ್ ಲೂಸಿಯಾದ ಉತ್ತರ ತುದಿ ದಾಟಿ ಪಿಜನ್ ಐಲ್ಯಾಂಡ್ ಸುತ್ತಿದ ಕೂಡಲೇ, ರಾಡ್ನಿ ಬೇಯ ಅಂತಿಮ ಗೆರೆಗೆ ಗಾಳಿಗೆದುರಾಗಿ ಏರಬೇಕು. ಮೂರು ವಾರ ಬೆನ್ನುಗಾಳಿಯಲ್ಲೇ ಓಡಿದ ತಂಡಕ್ಕೆ ಅದು ಥಟ್ಟನೆ ಬೇರೆಯೇ ಕೆಲಸ, ಗುಡ್ಡದಿಂದ ಇಳಿಯುವ ಗಾಳಿಯೂ ಬಿಟ್ಟುಬಿಟ್ಟು ಹೊಡೆಯುತ್ತದೆ. ಆದ್ದರಿಂದ ದ್ವೀಪ ತಲುಪುವ ಮೊದಲೇ ಪೋಲ್ ಇಳಿಸಿ, ಪ್ರಿವೆಂಟರ್ ಬಿಚ್ಚಿ, ಜೆನೋವಾ ಶೀಟ್‌ಗಳನ್ನು (ಹಾಯಿ ಹೊಂದಿಸುವ ಹಗ್ಗಗಳನ್ನು) ಸರಿಯಾದ ಬ್ಲಾಕ್‌ಗೆ ಹಾಯಿಸಿ, ಹಗ್ಗ ಎಳೆಯುವ ವಿಂಚ್‌ನ ಹ್ಯಾಂಡಲ್‌ಗಳನ್ನು ಕೈಗೆಟುಕುವಲ್ಲಿಡಿ. ಹಗಲಿದ್ದಾಗಲೇ ಒಮ್ಮೆ ಗಾಳಿಗೆದುರು ತಿರುಗಿಸಿ, ಎರಡು ಟ್ಯಾಕ್ ಮಾಡಿ, ಅಂದರೆ ಮೂತಿಯನ್ನು ಗಾಳಿಯ ಒಂದು ಬದಿಯಿಂದ ಇನ್ನೊಂದಕ್ಕೆ ದಾಟಿಸಿ ನೋಡಿ.