ಕುಂಡ ಬದಲಿಸಿದ ಮೇಲೆ ಎಲೆ ಕೆಟ್ಟರೆ: ಅಕ್ಕನ ಮನೆಯ ಕ್ಯಾಲಥಿಯ

ಕುಂಡ ಬದಲಿಸಿದ ಮೇಲೆ ಎಲೆ ಕೆಟ್ಟರೆ ಎಲ್ಲರೂ ಹೇಳುವುದು ಒಂದೇ ಮಾತು: ಗಿಡಕ್ಕೆ ಶಾಕ್ ಆಗಿದೆ, ತಾನೇ ಸರಿಹೋಗುತ್ತದೆ ಬಿಡಿ. ಶಾಕ್ ಆಗುವುದು ನಿಜ. ಸಣ್ಣ ಬೇರುಗಳು ಹರಿದಿರುತ್ತವೆ, ಹೊಸ ಬೇರು ಬರುವವರೆಗೆ ಗಿಡ ನೀರು ಎಳೆಯುವುದು ಕಡಿಮೆ. ಆದರೆ ಒಂದೇ ಗಿಡದಲ್ಲಿ ಮೂರು ತರಹ ಎಲೆ ಕೆಟ್ಟಿದ್ದರೆ ಮೂರಕ್ಕೂ ಅದೇ ಹೆಸರು ಹೇಳಿ ಕೈಬಿಡಬಾರದು. ದಾವಣಗೆರೆಯಲ್ಲಿ ನಮ್ಮ ಅಕ್ಕನ ಮನೆಯ ಕ್ಯಾಲಥಿಯ, ಅಂದರೆ ಎಲೆಯ ಅಂದಕ್ಕಾಗಿ ಮನೆಯೊಳಗೆ ಬೆಳೆಸುವ ಗಿಡ, ಅದಕ್ಕೂ ಹಾಗೇ ಆಗಿತ್ತು. ಬೇಸಿಗೆ ಶುರುವಾಗುವಾಗ ಒಂದು ನರ್ಸರಿಯವರು ಅದನ್ನು ದೊಡ್ಡ ಕುಂಡಕ್ಕೆ ಹಾಕಿಕೊಟ್ಟಿದ್ದರು.

"ಮಣ್ಣು ಹಸಿ ಐತಿ ನೋಡು, ಆದ್ರೂ ಎಲೆ ಸುರುಳಿಕೊಳ್ತಾ ಐತಿ," ಅಂದಳು ಅಕ್ಕ.

ನಾನು ಮೊದಲು ನೋಡುವುದು ಯಾವ ಎಲೆ, ಎಲೆಯ ಯಾವ ಜಾಗ ಅಂತ. ಇಲ್ಲಿ ಬಹುತೇಕ ಎಲೆಗಳು ಉದ್ದಕ್ಕೆ ಸುರುಳಿಯಾಗಿದ್ದವು. ಹಳೆಯ ಎಲೆಗಳ ತುದಿ ಕಂದಾಗಿ ಒಣಗಿತ್ತು. ಒಂದು ಎಲೆಯ ನಡುವೆ ಮಾತ್ರ ಬೆಳ್ಳಗೆ ಬೆಂದ ಮಚ್ಚೆ ಇತ್ತು. ಆ ಮಚ್ಚೆ, ಮೇಲಿನ ಎಲೆಯ ನೆರಳು ಬೀಳುವ ಕಡೆ ಗೆರೆ ಎಳೆದಂತೆ ನಿಂತಿತ್ತು. ಅದು ಬಿಸಿಲಿನ ಕೆಲಸ. ಗಿಡವನ್ನು ಪಶ್ಚಿಮದ ಕಿಟಕಿಯಿಂದ ಒಳಗೆ ಸರಿಸಿದೆವು. ಬ್ರೆಜಿಲ್ ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ ಬೆಳೆಯುವ ಗಿಡ ಇದು, ನಮ್ಮೂರಿನ ಮಧ್ಯಾಹ್ನದ ಬಿಸಿಲು ತಡೆಯುವುದಿಲ್ಲ. ಒಣ ಹವೆಗೆ ಕೆಂಪು ನುಸಿ ಬಂದಿರಬಹುದು ಅಂತ ಎಲೆಯ ಹಿಂಭಾಗವನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿದೆ. ಬಟ್ಟೆಗೆ ಕೆಂಪು ಗೀರು ಹತ್ತಲಿಲ್ಲ, ಬಲೆಯೂ ಇರಲಿಲ್ಲ.

ಮಣ್ಣು ಹಸಿಯಿದ್ದೂ ಎಲೆ ಸುರುಳಿಯಾದರೆ ಬೇರು ಕೊಳೆತಿದೆ ಅಂತ ನಿರ್ಧರಿಸಿಬಿಡುವುದು ಸುಲಭ. ಆದರೆ ಕಾಂಡ ಗಟ್ಟಿಯಾಗಿತ್ತು, ಮಣ್ಣಿಗೆ ಕೆಟ್ಟ ವಾಸನೆ ಇರಲಿಲ್ಲ. ಉರಿದುಹೋದ ಊದುಬತ್ತಿಯ ಎರಡು ಬಿದಿರು ಕಡ್ಡಿ ತಗೊಂಡು ಒಂದನ್ನು ಕುಂಡದ ಅಂಚಿನಲ್ಲಿ, ಇನ್ನೊಂದನ್ನು ಕಾಂಡದ ಹತ್ತಿರ ಆಳಕ್ಕೆ ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟೆ. ಅಂಚಿನ ಕಡ್ಡಿಗೆ ಕರಿ ಕೆಸರು ಮೆತ್ತಿಕೊಂಡು ಬಂತು. ನಡುವಿನದು ಒಣಗಿತ್ತು, ಬರೀ ನಾರಿನ ಪುಡಿ ಅಂಟಿತ್ತು.

ಗಿಡ ಕಿತ್ತಾಗ ಕಾರಣ ಕಣ್ಣಿಗೆ ಕಂಡಿತು. ಬೇರು ಸುತ್ತಿಕೊಂಡಿದ್ದ ಹಳೆಯ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮುದ್ದೆಯನ್ನು ಬಿಡಿಸದೆ ಹಾಗೇ ಇಟ್ಟು ಸುತ್ತ ಕಪ್ಪು ಎರೆ ಮಣ್ಣು ತುಂಬಿದ್ದರು. ಪೂರ್ತಿ ಒಣಗಿದ ಕೋಕೋಪೀಟ್ ಬೇಗ ನೀರು ಹಿಡಿಯುವುದಿಲ್ಲ. ಹಾಕಿದ ನೀರೆಲ್ಲ ಸುತ್ತಲಿನ ಎರೆ ಮಣ್ಣಲ್ಲಿ ನಿಲ್ಲುತ್ತಿತ್ತು. ಬೇರುಗಳೆಲ್ಲ ಇದ್ದದ್ದು ಒಳಗಿನ ಒಣ ಮುದ್ದೆಯಲ್ಲಿ. ಬೇರು ಬಿಳಿಯಾಗಿ ಗಟ್ಟಿ ಇದ್ದವು. ಅಂಚಿಗೆ ತಾಗಿದ ಕೆಲವು ಮಾತ್ರ ಎಳೆದರೆ ಸಿಪ್ಪೆ ಜಾರಿ ಎಳೆ ಉಳಿಯುತ್ತಿತ್ತು, ಅವು ಕೊಳೆತಿದ್ದವು, ಕತ್ತರಿಸಿದೆ.

ಮುದ್ದೆಯನ್ನು ಬಕೆಟ್ ನೀರಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಂತ ಮೇಲೆ ಬೆರಳಿನಿಂದ ಮೆಲ್ಲಗೆ ಬಿಡಿಸಿದೆ. ಎರೆ ಮಣ್ಣನ್ನು ಪೂರ್ತಿ ತೆಗೆದೆ. ಎರಡು ಪಾಲು ತೊಳೆದ ಕೋಕೋಪೀಟ್, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ಸುಟ್ಟ ಭತ್ತದ ಹೊಟ್ಟು ಬೆರೆಸಿದೆ. ಹೊಟ್ಟಿಗೆ ನಮ್ಮೂರಲ್ಲಿ ಬರ ಇಲ್ಲ, ಮಂಡಕ್ಕಿ ಭಟ್ಟಿಗಳಿವೆಯಲ್ವಾ. ಆದರೆ ಹೊಟ್ಟನ್ನು ಬಿಟ್ಟು ಬೇರೇನೂ ಉರಿಸದ ಭಟ್ಟಿಯದೇ ಆಗಬೇಕು. ಆಕಾರ ಉಳಿದ ಕರಿ ಹೊಟ್ಟು ಬೇಕು, ಅದು ಗಾಳಿ ಆಡಲು ಜಾಗ ಮಾಡಿಕೊಡುತ್ತದೆ. ಬಿಳಿ ಬೂದಿಯಲ್ಲಿ ಕ್ಷಾರ ಜಾಸ್ತಿ, ಅದನ್ನು ಹಾಕಬೇಡಿ. ಕುಂಡವನ್ನೂ ಬೇರಿನ ಗಾತ್ರಕ್ಕೆ ತಕ್ಕಂತೆ ಸಣ್ಣದು ಮಾಡಿದೆ.

ತುದಿ ಒಣಗಿದ್ದರ ಕಥೆ ಬೇರೆ. ಅಕ್ಕನ ಫೋನಿನಲ್ಲಿದ್ದ ಹಳೆಯ ಫೋಟೋ ದೊಡ್ಡದು ಮಾಡಿ ನೋಡಿದರೆ, ಕುಂಡ ಬದಲಿಸುವ ಮೊದಲೇ ತುದಿ ಕಂದಾಗಿತ್ತು! ಗಿಡಕ್ಕೆ ಹಾಕುತ್ತಿದ್ದದ್ದು ಬೋರಿನ ನೀರು. ಹಳೆಯ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿತ್ತು. ನಮ್ಮ ಕಡೆಯ ಅಂತರ್ಜಲದಲ್ಲಿ ಹಲವು ಕಡೆ ಫ್ಲೋರೈಡ್ ಕೂಡ ಇದೆ. ಕ್ಯಾಲಥಿಯ, ಡ್ರಸೀನಾ, ಸ್ಪೈಡರ್ ಪ್ಲಾಂಟ್ ಇವೆಲ್ಲ ಅದಕ್ಕೆ ಬೇಗ ನಲುಗುತ್ತವೆ. ನೀರನ್ನು ರಾತ್ರಿ ತೆರೆದಿಟ್ಟರೆ ಕ್ಲೋರಿನ್ ಹೋಗಬಹುದು, ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ, ಉಳಿದ ನೀರಲ್ಲಿ ಫ್ಲೋರೈಡ್ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಫ್ಲೋರೈಡ್ ಇರುತ್ತದೆ, ಈ ಗಿಡಗಳಿಗೆ ಅದು ಬೇಡ.

ಹೊಸ ಚಿಗುರು ಬರುವವರೆಗೆ ಯಾವ ಗೊಬ್ಬರವನ್ನೂ ಕೊಡಲಿಲ್ಲ. ಕಂದಾದ ತುದಿ ಮತ್ತೆ ಹಸಿರಾಗುವುದಿಲ್ಲ. ಹಾಗಾಗಿ ಗಿಡ ಸುಧಾರಿಸಿತೋ ಇಲ್ಲವೋ ಅನ್ನುವುದನ್ನು ಹೊಸ ಎಲೆಯಲ್ಲಿ ನೋಡಬೇಕು. ಅಕ್ಕ ಹಳೆಯ ಎಲೆಗಳನ್ನೆಲ್ಲ ಕತ್ತರಿಸಲು ಹೊರಟಿದ್ದಳು, ತಡೆದೆ. ಅರ್ಧ ಹಸಿರಿದ್ದರೂ ಎಲೆ ಗಿಡಕ್ಕೆ ಆಹಾರ ಮಾಡಿಕೊಡುತ್ತದೆ. ನೋಡಲು ಚೆನ್ನಾಗಿಲ್ಲ ಅನ್ನಿಸಿದರೆ ಒಣಗಿದ ತುದಿಯನ್ನಷ್ಟೇ, ಹಸಿರಿಗೆ ಕತ್ತರಿ ತಾಗದಂತೆ ತೆಗೆದರೆ ಸಾಕು.

ಹೊಸ ಎಲೆ ಸುರುಳಿ ಬಿಚ್ಚಿ ಚಪ್ಪಟೆಯಾಗಿಯೇ ಬಂತು. ಈಗ ಅಕ್ಕ ನಲ್ಲಿಯಲ್ಲಿ ನದಿ ನೀರು ಬಂದ ದಿನ ಗಿಡಕ್ಕೆ ಅಂತಲೇ ಒಂದು ಕೊಡ ತುಂಬಿಡುತ್ತಾಳೆ. ಮಳೆಗಾಲದಲ್ಲಿ ತಾರಸಿ ನೀರು ಹಿಡಿಯಲು ಪೈಪಿನ ಕೆಳಗೆ ಡ್ರಮ್ ಇಡಿಸಿದ್ದೇವೆ. ಮೊದಲ ಮಳೆಯ ನೀರನ್ನು ಮಾತ್ರ ಹರಿಯಬಿಡಬೇಕು, ಅದರಲ್ಲಿ ತಾರಸಿಯ ಧೂಳೆಲ್ಲ ಇರುತ್ತದೆ.