ಸಣ್ಣ ಕಾಲನಿಯನ್ನೇ ಆರಿಸಿ: ಲೆಂಟಿವೈರಲ್ ಪ್ಲಾಸ್ಮಿಡ್ ಕೆಡದಂತೆ ಬೆಳೆಸುವ ಬಗೆ

ಕೋಶಗಳಲ್ಲಿ ಮಾನವ ಜೀನಿನ ಪ್ರೊಟೀನ್ ಕಾಣುತ್ತಿಲ್ಲ ಎಂದು ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಲೆಂಟಿವೈರಲ್ ಪ್ಲಾಸ್ಮಿಡ್‌ನ (ಲೆಂಟಿವೈರಸ್ ಮೂಲಕ ಜೀನನ್ನು ಕೋಶಕ್ಕೆ ಸಾಗಿಸಲು ಬ್ಯಾಕ್ಟೀರಿಯಾದಲ್ಲಿ ಬೆಳೆಸುವ ಉಂಗುರದಂಥ ಡಿಎನ್‌ಎ) ಜೆಲ್ ಚಿತ್ರವನ್ನು, ಅಂದರೆ ಡಿಎನ್‌ಎ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ತೆಗೆದ ಚಿತ್ರವನ್ನು. ಹಿಂದೊಮ್ಮೆ ಆ ಜೆಲ್ ಓಡಿಸದೆ ಮೂರು ವಾರ ಕಳೆದುಕೊಂಡಿದ್ದೇನೆ. ಆಂಟಿಬಾಡಿ ಬದಲಿಸಿದೆ, ಕೋಶ ಬದಲಿಸಿದೆ. ಕೊನೆಗೆ ನೋಡಿದರೆ ಪ್ಲಾಸ್ಮಿಡ್‌ನಲ್ಲಿ ಜೀನೇ ಇರಲಿಲ್ಲ.

ಈ ಪ್ಲಾಸ್ಮಿಡ್‌ನಲ್ಲಿ ಜೀನಿನ ಎರಡೂ ಬದಿಗೆ ವೈರಸ್‌ನಿಂದ ಬಂದ ಎಲ್‌ಟಿಆರ್ ಎಂಬ, ಹೆಚ್ಚುಕಡಿಮೆ ಒಂದೇ ತೆರನಾದ ಡಿಎನ್‌ಎ ತುಂಡುಗಳಿರುತ್ತವೆ. ಮೂರನೇ ತಲೆಮಾರಿನ ಪ್ಲಾಸ್ಮಿಡ್‌ಗಳಲ್ಲಿ 3 ಪ್ರೈಮ್ (ಜೀನಿನ ಕೊನೆಯ ಬದಿಯ) ಎಲ್‌ಟಿಆರ್‌ನ ಯು3 ಎಂಬ ಭಾಗದ ಬಹುಪಾಲು ತೆಗೆದಿದ್ದರೂ ಉಳಿದ ಹೋಲಿಕೆ ಸಾಕು: ಬ್ಯಾಕ್ಟೀರಿಯಾದೊಳಗೆ ಇವೆರಡು ಬೆಸೆದುಕೊಂಡರೆ ನಡುವಿನದೆಲ್ಲ ಕಳಚಿಹೋಗುತ್ತದೆ. ಆಂಪಿಸಿಲಿನ್ ನಿರೋಧಕ ಜೀನ್ (ಪ್ಲೇಟಿಗೆ ಹಾಕಿದ ಆ ಆಂಟಿಬಯೋಟಿಕ್‌ನಲ್ಲಿ ಬ್ಯಾಕ್ಟೀರಿಯಾ ಬದುಕಲು ಬೇಕಾದದ್ದು) ಎಲ್‌ಟಿಆರ್‌ಗಳ ಹೊರಗಡೆ ಇರುವುದರಿಂದ ಅದು ಉಳಿಯುತ್ತದೆ, ಕಾಲನಿಯೂ (ಒಂದೇ ಬ್ಯಾಕ್ಟೀರಿಯಾದಿಂದ ಬೆಳೆದ ಗುಂಪು) ಸೊಂಪಾಗಿ ಬೆಳೆಯುತ್ತದೆ.

ಮೊದಲು ನಕ್ಷೆ ನೋಡಿ. ಜೀನಿನ ಯಾವ ಐಸೋಫಾರ್ಮ್ (ಒಂದೇ ಜೀನಿನಿಂದ ಬರುವ ಪ್ರೊಟೀನ್ ರೂಪಗಳಲ್ಲಿ ಒಂದು) ಬೇಕೆಂದು ಖಚಿತಪಡಿಸಿಕೊಳ್ಳಿ. ಟ್ಯಾಗ್ (ಪ್ರೊಟೀನ್ ಗುರುತಿಸಲು ಅಂಟಿಸುವ ತುಣುಕು) ಕೊನೆಯಲ್ಲಿ ಬರುವುದಾದರೆ ಜೀನಿನ ಸ್ಟಾಪ್ ಕೋಡಾನ್, ಅಂದರೆ ಪ್ರೊಟೀನ್ ತಯಾರಿ ನಿಲ್ಲಿಸುವ ಸಂಕೇತ, ತೆಗೆದಿರಬೇಕು. ಜೀನಿನ ಜೊತೆ ಅದರದೇ ಪಾಲಿ-ಎ ಸಂಕೇತ ಬಂದಿರಬಾರದು. ಬಂದರೆ ವೈರಸ್‌ನ ಆರ್‌ಎನ್‌ಎ ಅಲ್ಲೇ ತುಂಡಾಗಿ 3 ಪ್ರೈಮ್ ಎಲ್‌ಟಿಆರ್ ಮುಟ್ಟುವುದಿಲ್ಲ. ಎಲ್‌ಟಿಆರ್‌ಗಳ ನಡುವಿನ ಉದ್ದ ಹೆಚ್ಚಿದಷ್ಟೂ ಟೈಟರ್ (ಸೋಂಕು ತರಬಲ್ಲ ವೈರಸ್‌ನ ಪ್ರಮಾಣ) ಇಳಿಯುತ್ತದೆ ಎಂಬುದೂ ನೆನಪಿರಲಿ.

ಬೆಳೆಸಲು, ಒಂದೇ ತೆರನಾದ ಡಿಎನ್‌ಎ ತುಂಡುಗಳನ್ನು ಬೆಸೆಯುವ ರೆಕ್ಎ ಪ್ರೊಟೀನ್ ಕೆಲಸ ಮಾಡದ, ಇಂಥ ಪ್ಲಾಸ್ಮಿಡ್‌ಗಳಿಗೆಂದೇ ಬಳಸುವ ಎಸ್‌ಟಿಬಿಎಲ್3 ಎಂಬ ಬ್ಯಾಕ್ಟೀರಿಯಾ ತಳಿ ತೆಗೆದುಕೊಳ್ಳಿ. ಪ್ಲೇಟ್ ಮತ್ತು ದ್ರವ ಕಲ್ಚರ್ ಎರಡನ್ನೂ 37ರ ಬದಲು 30 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಒಂದು ದಿನ ತಡವಾಗಬಹುದು, ಆಗಲಿ. ಆಂಪಿಸಿಲಿನ್ ಬದಲು ಕಾರ್ಬೆನಿಸಿಲಿನ್ ಹಾಕಿದರೆ (ಮಿಲಿಲೀಟರಿಗೆ 100 ಮೈಕ್ರೋಗ್ರಾಂ) ದೊಡ್ಡ ಕಾಲನಿಯ ಸುತ್ತ ಏಳುವ ಪುಡಿ ಕಾಲನಿಗಳ ಕಾಟ ಕಡಿಮೆ. ಪ್ಲೇಟಿನಲ್ಲಿ ಎದ್ದು ಕಾಣುವ ದಪ್ಪ ಕಾಲನಿಯತ್ತ ಕೈ ಹೋಗುವುದು ಸಹಜ. ಅದನ್ನು ಬಿಡಿ. ಜೀನ್ ಕಳಚಿಕೊಂಡ ಚಿಕ್ಕ ಪ್ಲಾಸ್ಮಿಡ್ ಹೊತ್ತ ಬ್ಯಾಕ್ಟೀರಿಯಾ ಬೇಗ ಬೆಳೆದುಬಿಡುತ್ತದೆ. ಬೇರೆಯಾಗಿ ನಿಂತ ಸಣ್ಣ ಕಾಲನಿಗಳನ್ನು ನಾಲ್ಕಾರು ಆರಿಸಿ.

ಮಿನಿಪ್ರೆಪ್‌ನಲ್ಲಿ (ಕಲ್ಚರ್‌ನಿಂದ ಸ್ವಲ್ಪ ಪ್ಲಾಸ್ಮಿಡ್ ಬೇರ್ಪಡಿಸುವ ಹಂತ) ಒಂದು ಎಚ್ಚರಿಕೆ: ಎಸ್‌ಟಿಬಿಎಲ್3ಯಲ್ಲಿ ಡಿಎನ್‌ಎ ಕತ್ತರಿಸುವ ಎಂಡ್ಎ ಎಂಜೈಮ್ ಇದೆ. ಕಿಟ್‌ನಲ್ಲಿ ಐಚ್ಛಿಕ ಎಂದು ಬರೆದಿರುವ ಹೆಚ್ಚುವರಿ ವಾಶ್ ಅನ್ನು ಬಿಡಬೇಡಿ.

ಈಗ ಜೆಲ್. ಪ್ಲಾಸ್ಮಿಡ್ಡನ್ನು ಒಂದೊಂದು ಕಡೆ ಮಾತ್ರ ಕತ್ತರಿಸುವ ಎರಡು ಎಂಜೈಮ್ ಹುಡುಕಿ: ಒಂದು ಮಾನವ ಜೀನಿನೊಳಗೆ, ಇನ್ನೊಂದು ಎಲ್‌ಟಿಆರ್‌ಗಳ ಆಚೆ, ಬ್ಯಾಕ್‌ಬೋನ್ ಎಂಬ ಉಳಿದ ಭಾಗದಲ್ಲಿ. ನನ್ನ 9.8 ಕಿಲೋಬೇಸ್ (ಸಾವಿರ ಬೇಸ್‌ಗಳ ಲೆಕ್ಕದ ಉದ್ದ) ಪ್ಲಾಸ್ಮಿಡ್‌ಗೆ 6.6 ಮತ್ತು 3.2ರಲ್ಲಿ ಎರಡು ಬ್ಯಾಂಡ್ ಬರಬೇಕಿತ್ತು. ಕಾಲನಿಗೊಂದರಂತೆ ಇದ್ದ ಆರು ಲೇನ್‌ಗಳಲ್ಲಿ ಐದು ಸರಿಯಾಗಿದ್ದವು. ಆರನೆಯದರಲ್ಲಿ 4ರ ಹತ್ತಿರ ಒಂದೇ ಬ್ಯಾಂಡ್, ಬೇರೇನೂ ಇಲ್ಲ. ಜೀನಿನ ಜೊತೆ ಅದರೊಳಗಿನ ಕತ್ತರಿಸುವ ಜಾಗವೂ ಹೋಗಿತ್ತು. ಸರಿಯಾದ ಎರಡು ಬ್ಯಾಂಡ್‌ಗಳ ಜೊತೆ ಮಸುಕಾಗಿ ಮೂರನೆಯದು ಕಂಡರೂ ಆ ಟ್ಯೂಬ್ ಎಸೆಯಿರಿ. ಅದು ಬೆರಕೆ, ಮುಂದಿನ ಕಲ್ಚರ್‌ನಲ್ಲಿ ತಪ್ಪಾದದ್ದೇ ಮೇಲುಗೈ ಸಾಧಿಸುತ್ತದೆ.

ಗೆದ್ದ ಕ್ಲೋನ್‌ಗೆ ಇಡೀ ಪ್ಲಾಸ್ಮಿಡ್‌ನ ಸೀಕ್ವೆನ್ಸಿಂಗ್ ಮಾಡಿಸಿ. ಜೀನಿನ ಎರಡು ತುದಿ ಓದಿಸಿದರೆ ನಡುವಿನ ಮ್ಯುಟೇಶನ್ ತಿಳಿಯುವುದಿಲ್ಲ. ಗ್ಲಿಸರಾಲ್ ಸ್ಟಾಕ್ (ಗ್ಲಿಸರಾಲ್ ಬೆರೆಸಿ ಹೆಪ್ಪುಗಟ್ಟಿಸಿದ ಬ್ಯಾಕ್ಟೀರಿಯಾ) ಮೈನಸ್ 80 ಡಿಗ್ರಿಯಲ್ಲಿರಲಿ, ಜೊತೆಗೆ ಸೀಕ್ವೆನ್ಸ್ ಆದ ಡಿಎನ್‌ಎಯ ಒಂದು ಟ್ಯೂಬ್ ಬೇರೆಯಾಗಿ ಮೈನಸ್ 20ರಲ್ಲಿ. ಹೊಸ ಮ್ಯಾಕ್ಸಿಪ್ರೆಪ್ (ಹೆಚ್ಚು ಪ್ರಮಾಣದ ಪ್ಲಾಸ್ಮಿಡ್) ಬೇಕಾದಾಗ ಫ್ರಿಜ್‌ನ ಹಳೆಯ ಪ್ಲೇಟ್ ಕೆರೆಯಬೇಡಿ. ಆ ಡಿಎನ್‌ಎ ಟ್ಯೂಬಿನಿಂದ ಮತ್ತೆ ಟ್ರಾನ್ಸ್‌ಫಾರ್ಮ್ ಮಾಡಿ (ಹೊಸ ಬ್ಯಾಕ್ಟೀರಿಯಾದೊಳಗೆ ಸೇರಿಸಿ), ಬಂದ ಡಿಎನ್‌ಎಯನ್ನು ಮತ್ತೆ ಅದೇ ಎರಡು ಎಂಜೈಮ್‌ಗಳಿಂದ ಕತ್ತರಿಸಿ ನೋಡಿ.