ರಾಯಚೂರಿನಲ್ಲಿ ಮೂರು ಬೇಸಿಗೆ ದಾಟಿದ ಪೆನ್ಸಿಲ್ ಸೆಲ್ಲುಗಳು: ನನ್ನ ಅನುಭವ

ಗೇಮ್ ಕಂಟ್ರೋಲರಿಗೆ ಹಾಕುವ ಚಾರ್ಜಿಂಗ್ ಸೆಲ್ಲು ನಮ್ಮೂರಿನ ಬಿಸಿಲಿಗೆ ನಿಲ್ಲುವುದಿಲ್ಲ ಎಂದು ಹೇಳದವರೇ ಇರಲಿಲ್ಲ. ಅದನ್ನು ಮಾರುವ ಅಂಗಡಿಯವರೇ ಹಾಗೆ ಹೇಳಿದರು. ಗೇಮ್ ಸೆಂಟರ್ ತೆರೆದು ವರ್ಷದೊಳಗೆ ಮುಚ್ಚಿದ ಗೆಳೆಯನೂ ಹೇಳಿದ. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಭಾವ, ನನ್ನ ಗೇಮ್ ಸೆಂಟರಿನ ಬಂಡವಾಳದಲ್ಲಿ ಅವರದೂ ಪಾಲಿದ್ದುದರಿಂದ, ಸ್ವಲ್ಪ ಜೋರಾಗಿಯೇ ಹೇಳಿದರು: "ತಂತಿ ಹಾಕಿ ಆಡಿಸೋ. ಸೆಲ್ಲಿನ ಉಸಾಬರಿ ನಿನಗೆ ಯಾಕೆ?" ಈಗ ಅದೇ ಸೆಲ್ಲುಗಳು ಮೂರನೆಯ ಬೇಸಿಗೆ ದಾಟಿವೆ. ಮೊನ್ನೆ ಅಳತೆಗೆ ಹಾಕಿದರೆ 2000 ಎಂಎಎಚ್‌ನವು (ಸೆಲ್ಲು ಎಷ್ಟು ಚಾರ್ಜು ಹಿಡಿಯುತ್ತದೆಂಬ ಅಳತೆ ಇದು) ಇನ್ನೂ 1700, 1750ರ ಆಸುಪಾಸು ತೋರಿಸುತ್ತಿವೆ. ಭಾವ ಈಗ ತಮ್ಮ ಮಗನಿಗೆ ಎಂಥ ಸೆಲ್ಲು ತರಬೇಕೆಂದು ನನ್ನನ್ನೇ ಕೇಳುತ್ತಾರೆ.

ಮನೆಯ ಮೇಲಿನ ಎರಡು ಕೋಣೆಗಳಲ್ಲಿ ನಾಲ್ಕು ಟಿವಿ ಇಟ್ಟಿದ್ದೇನೆ. ಎರಡಕ್ಕೆ ಎಕ್ಸ್‌ಬಾಕ್ಸ್, ಎರಡಕ್ಕೆ ಪ್ಲೇಸ್ಟೇಷನ್ 4. ಎಕ್ಸ್‌ಬಾಕ್ಸ್ ಕಂಟ್ರೋಲರಿಗೆ ಎರಡೆರಡು ಪೆನ್ಸಿಲ್ ಸೆಲ್ಲು ಬೇಕು, ಪ್ಲೇಸ್ಟೇಷನ್‌ದರಲ್ಲಿ ಬ್ಯಾಟರಿ ಒಳಗೇ ಇರುತ್ತದೆ. ಇದು ನಿಮಗೆ ಗೊತ್ತಿರುವ ವಿಷಯ. ಮನೆಯಲ್ಲಿ ಒಂದೇ ಕನ್ಸೋಲ್ ಇಟ್ಟುಕೊಂಡವರಿಗೂ ಲೆಕ್ಕ ಇದೇ, ಸೊನ್ನೆ ಒಂದು ಕಡಿಮೆಯಾಗುತ್ತದೆ ಅಷ್ಟೆ.

ತಂತಿಯನ್ನು ನೋಡಿಯಾಯಿತು. ಗೋಲು ಬಿದ್ದ ಕೂಡಲೇ ಹುಡುಗರು ಎದ್ದು ಕುಣಿಯುತ್ತಾರೆ. ತಂತಿಯ ಜೊತೆ ಕನ್ಸೋಲೂ ಮೇಜಿನ ಅಂಚಿಗೆ ಬರುತ್ತದೆ. ಅದು ಬೀಳದಿದ್ದರೂ ಕಂಟ್ರೋಲರಿನ ಮೈಕ್ರೋ ಯುಎಸ್‌ಬಿ ಬಾಯಿ ಸಡಿಲವಾಗುತ್ತದೆ. ಅದನ್ನು ಬಿಚ್ಚಿ ಬೆಸುಗೆ ಹಾಕಿಸಲು ನಮ್ಮೂರ ತೀನ್ ಕಂದೀಲಿನ ಕಡೆಯ ಅಂಗಡಿಗಳಲ್ಲಿ ನಾನೂರು, ಐನೂರು ರೂಪಾಯಿ ಕೇಳುತ್ತಾರೆ, ಹಾಕಿಸಿದ ಬೆಸುಗೆಯೂ ಮೊದಲಿನಷ್ಟು ಗಟ್ಟಿಯಿರುವುದಿಲ್ಲ.

ಆಲ್ಕಲೈನ್ ಸೆಲ್ಲು ಒಳ್ಳೆಯದೇ. ಆದರೆ ಜೋಡಿಗೆ ಎಂಬತ್ತು, ತೊಂಬತ್ತು ರೂಪಾಯಿ. ಕಂಟ್ರೋಲರ್ ನಡುಗುವ ಕಂಪನ ಚಾಲೂ ಇಟ್ಟು ದಿನವಿಡೀ ಆಡಿದರೆ ಒಂದು ಜೋಡಿ ಮೂರು ದಿನ ಬಂದರೆ ಪುಣ್ಯ. ಎಕ್ಸ್‌ಬಾಕ್ಸಿನ ನಾಲ್ಕು ಕಂಟ್ರೋಲರಿಗೆ ತಿಂಗಳಿಗೆ ಮೂರು ಸಾವಿರದ ಮೇಲೆ ಹೋಗುತ್ತಿತ್ತು. ನಾನು ಗಂಟೆಗೆ ತೆಗೆದುಕೊಳ್ಳುವುದು ಐವತ್ತು ರೂಪಾಯಿ. ರಿಮೋಟಿಗೆ ಹಾಕುವ ಹನ್ನೆರಡು ರೂಪಾಯಿಯ ಸೆಲ್ಲಂತೂ ಬೆಳಿಗ್ಗೆ ಹಾಕಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಸುಸ್ತು. ಮೋಟರ್ ನಡುಗಿದಾಗ ಎಳೆಯುವ ಕರೆಂಟನ್ನು ಅದು ತಾಳುವುದಿಲ್ಲ.

ಹಾಗಾಗಿ ಚಾರ್ಜಿಂಗ್ ಸೆಲ್ಲಿಗೆ ಬಂದೆ. ಮೊದಲು ಬಂದವು ಹೊದಿಕೆಯ ಮೇಲೆ 3000 ಎಂದು ಬರೆದ, ಹೊಳೆಯುವ ಹಸಿರು ಸೆಲ್ಲುಗಳು. ನಾಲ್ಕಕ್ಕೆ ನಾನೂರರ ಒಳಗೆ ಸಿಕ್ಕವು. ಎಂಟೇ ಗಂಟೆ ಆಡುವಷ್ಟರಲ್ಲಿ ಕಂಟ್ರೋಲರ್ ಸತ್ತಿತು. ಸರಾಫ ಅಂಗಡಿಯ ಪರಿಚಯದವರ ಬಳಿ ಹೋಗಿ ಬಂಗಾರ ತೂಗುವ ತಕ್ಕಡಿಯ ಮೇಲೆ ಇಟ್ಟೆ. ಹದಿನೇಳು ಗ್ರಾಂ ಚಿಲ್ಲರೆ. ಅವರು ನಕ್ಕು, "ಎಷ್ಟು ಕ್ಯಾರೆಟ್ಟು?" ಎಂದರು. ಒಳಗೆ ಮಾಲಿರುವ ನಿಕಲ್ ಮೆಟಲ್ ಹೈಡ್ರೈಡ್ (ಈ ಚಾರ್ಜಿಂಗ್ ಬಗೆಯ) ಪೆನ್ಸಿಲ್ ಸೆಲ್ಲು ಇಪ್ಪತ್ತಾರು ಗ್ರಾಮಿಗಿಂತ ಕಡಿಮೆ ತೂಗಿದರೆ ನಾನು ಕೈಗೇ ತೆಗೆದುಕೊಳ್ಳುವುದಿಲ್ಲ. ಆಮೇಲೆ ಎಂಎಎಚ್ ಅಳೆಯುವ ಚಾರ್ಜರ್ ಬಂದ ಮೇಲೆ ನೋಡಿದರೆ ಆ 3000ದ ಸೆಲ್ಲಿನಲ್ಲಿ ಇದ್ದದ್ದು 900. ಈ ಅಳತೆಯ ಸೆಲ್ಲಿನಲ್ಲಿ 2700ರ ಮೇಲೆ ಬರೆದಿರುವುದನ್ನೆಲ್ಲ ನಾನು ಸುಳ್ಳೆಂದೇ ಎಣಿಸುತ್ತೇನೆ. ಅದರಿಂದ ನನಗೆ ಈವರೆಗೆ ನಷ್ಟವಾಗಿಲ್ಲ.

ಎರಡನೆಯ ಸುತ್ತಿನಲ್ಲಿ ಬಂದವು ಹೆಸರಿರುವ ಕಂಪನಿಯ 2800ರವು. ಬರೆದ 2800 ಸುಳ್ಳಾದರೂ ಇವು ಹಸಿರಿನವುಗಳಷ್ಟು ಮೋಸವಲ್ಲ, ತೂಕವೂ ಸರಿ ಇತ್ತು. ಹೊಸದರಲ್ಲಿ ಎರಡು ಸಾವಿರದ ಮೇಲೆ ಕೊಟ್ಟವು. ಆದರೆ ಏಪ್ರಿಲ್ ಬಂತು. ತುಂಬಿಸಿ ಇಟ್ಟ ಸೆಲ್ಲು ವಾರದೊಳಗೆ, ಯಾರೂ ಮುಟ್ಟದೆಯೇ, ಅರ್ಧ ಖಾಲಿ. ಹೆಚ್ಚು ತುಂಬುವ ಹಳೆಯ ಬಗೆಯ ಸೆಲ್ಲುಗಳ ಚಾರ್ಜು ಸುಮ್ಮನೆ ಕುಳಿತಲ್ಲೇ ಸೋರುತ್ತದೆ, ಬಿಸಿಲಿಗೆ ಇನ್ನೂ ಬೇಗ. ಹೊರಗೆ ನಲವತ್ತೆರಡು, ನಲವತ್ಮೂರು ಡಿಗ್ರಿ ಇರುವಾಗ ಮೇಲಿನ ಕೋಣೆಯ ಕಪಾಟಿನೊಳಗೆ ಏನಾಗುತ್ತದೆಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಆ ಬೇಸಿಗೆ ಮುಗಿಯುವಾಗ ಅವು 1200ಕ್ಕೆ ಇಳಿದಿದ್ದವು. ಇವೆರಡು ಸುತ್ತಿನಲ್ಲಿ ಹೋದದ್ದು ಸುಮಾರು ಐದು ಸಾವಿರ, ಅದರ ಜೊತೆ ಭಾವನ ಮಾತು ಬೇರೆ.

ಅಲ್ಲಿಂದ ನಾನು ಸಂಖ್ಯೆ ಏರಿಸುವುದನ್ನು ಬಿಟ್ಟು ಇಳಿಸಿದೆ. ಎನೆಲೂಪ್ ಬಿಳಿಯ ಸೆಲ್ಲು, 2000 ಎಂಎಎಚ್, ಕುಳಿತಲ್ಲಿ ಸೋರುವುದು ಕಡಿಮೆ. 2005ರಲ್ಲಿ ಸ್ಯಾನ್ಯೋ ತಂದದ್ದು, ಈಗ ಪ್ಯಾನಾಸೋನಿಕ್ ಹೆಸರಿನಲ್ಲಿ ಬರುತ್ತದೆ. ಇದರದೇ ಕಪ್ಪು ಪ್ರೊ ಸೆಲ್ಲು 2500 ಹಿಡಿಯುತ್ತದೆ, ಎಲ್ಲರ ಕಣ್ಣೂ ಅದರ ಮೇಲೆ. ಆದರೆ ಕಂಪನಿಯೇ ಬಿಳಿಯದಕ್ಕೆ 2100 ಬಾರಿ ಚಾರ್ಜು ಎಂದರೆ ಕಪ್ಪಿಗೆ 500 ಎನ್ನುತ್ತದೆ. ಕಾಲು ಭಾಗ ಹೆಚ್ಚು ಹಿಡಿಯಲು ಆಯುಷ್ಯದ ಮುಕ್ಕಾಲು ಭಾಗ ಕೊಡುವ ವ್ಯಾಪಾರ ನನಗೆ ಬೇಡ. 2100 ಬಾರಿಯೂ ನನಗೆ ಬೇಕಿಲ್ಲ, ಈ ಊರಿನಲ್ಲಿ ಅದರ ಕಾಲು ಭಾಗ ಬಂದರೂ ಲಾಭವೇ. ಬಿಳಿಯ ಸೆಲ್ಲು ಹದಿನಾರು ತೆಗೆದುಕೊಂಡೆ. ಎಲ್ಲ ಸೇರಿ ಐದು ಸಾವಿರದ ಹತ್ತಿರ. ಅಂಗಡಿಯವರು, "ಸರ್, ಅದೇ ಬೆಲೆಗೆ ಹೆಚ್ಚಿನ ಪವರಿನದು ಕೊಡುತ್ತೇನೆ" ಎಂದರು. ನನಗೆ ಪವರ್ ಬೇಡ, ಮೇ ತಿಂಗಳು ದಾಟಿದರೆ ಸಾಕು ಎಂದೆ.

ಅರ್ಧ ಕೆಲಸ ಸೆಲ್ಲಿನದಾದರೆ ಉಳಿದರ್ಧ ಚಾರ್ಜರಿನದು, ಜನ ಅದಕ್ಕೇ ಕೈ ಬಿಗಿ ಹಿಡಿಯುತ್ತಾರೆ. ಸೆಲ್ಲಿನ ಜೊತೆ ಉಚಿತವಾಗಿ ಬರುವ ಚಾರ್ಜರು ಎರಡೆರಡನ್ನು ಒಟ್ಟಿಗೆ ತುಂಬುತ್ತದೆ, ಯಾವುದು ತುಂಬಿತು ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ. ತುಂಬಿದ ಮೇಲೂ ಕರೆಂಟ್ ಹರಿಯುತ್ತಿರುತ್ತದೆ, ಅದೆಲ್ಲ ಶಾಖವಾಗಿ ಸೆಲ್ಲಿನ ಹೊಟ್ಟೆ ಸುಡುತ್ತದೆ. ಸೆಲ್ಲು ಕೂರುವ ನಾಲ್ಕು ಮನೆಗೂ ಬೇರೆ ಬೇರೆ ಅಳತೆ ಇರುವ, ಪರದೆಯ ಮೇಲೆ ಎಂಎಎಚ್ ತೋರಿಸುವ ಚಾರ್ಜರಿಗೆ ಎರಡೂವರೆ ಸಾವಿರ ಕೊಟ್ಟೆ. ಅದರ ಫ್ಯಾನು ಸ್ವಲ್ಪ ಕಿರುಗುಟ್ಟುತ್ತದೆ, ಕಿರುಗುಟ್ಟಲಿ.

ನಿಧಾನಕ್ಕೆ ಚಾರ್ಜು ಮಾಡಿದರೆ ಸೆಲ್ಲು ತಂಪಾಗಿರುತ್ತದೆ ಎನ್ನುವುದು ಅರ್ಧ ಸತ್ಯ. ಸೆಲ್ಲು ತುಂಬಿದಾಗ ಅದರ ವೋಲ್ಟೇಜು ಕೂದಲೆಳೆಯಷ್ಟು ಇಳಿಯುತ್ತದೆ. ಆ ಇಳಿತ ನೋಡಿಯೇ ಚಾರ್ಜರ್ ನಿಲ್ಲಬೇಕು. ಕರೆಂಟ್ ತೀರ ಕಡಿಮೆ ಇಟ್ಟರೆ ಇಳಿತ ಕಾಣುವುದಿಲ್ಲ. ಸುತ್ತಲಿನ ಗಾಳಿ ಕಾದಿದ್ದರೂ ಮಂಕಾಗುತ್ತದೆ. ಮಧ್ಯಾಹ್ನ ಎರಡು ಗಂಟೆಗೆ 300 ಮಿಲಿಆಂಪಿಯರ್ ಕರೆಂಟಿನಲ್ಲಿ ಇಟ್ಟು ಮಲಗಿದವರ ಸೆಲ್ಲು ಸಂಜೆ ಮುಟ್ಟಿದರೆ ಕೈ ಸುಡುತ್ತಿರುತ್ತದೆ. ಆಗ ಬೈಸಿಕೊಳ್ಳುವುದು ಸೆಲ್ಲು. ನಾನು ಇಡುವುದು 700ರಲ್ಲಿ, ಬೆಳಗಿನ ಜಾವ ನಾಲ್ಕೂವರೆಗೆ. ತಾಯಿ ಹಾಲಿಗೆ ಏಳುವ ಹೊತ್ತಿಗೆ ಸ್ವಿಚ್ಚು ಹಾಕುತ್ತಾರೆ, ಏಳೂವರೆ, ಎಂಟರ ಹೊತ್ತಿಗೆ ತುಂಬಿರುತ್ತದೆ. ರಾಯಚೂರಿನ ಮೇ ತಿಂಗಳಿನಲ್ಲೂ ಆ ಹೊತ್ತಿಗೆ ಶಹಾಬಾದಿ ಕಲ್ಲಿನ ನೆಲ ಒಂದಿಷ್ಟು ತಣ್ಣಗಿರುತ್ತದೆ. ಚಾರ್ಜರ್ ನೆಲದ ಮೇಲೆ, ಕೆಳಗೆ ಎರಡು ಬೆಂಕಿಕಡ್ಡಿ ಪೆಟ್ಟಿಗೆ ಇಟ್ಟು ಗಾಳಿಗೆ ದಾರಿ. ಸೆಲ್ಲು ತೆಗೆದ ಕೂಡಲೇ ಕಂಟ್ರೋಲರಿಗೆ ಹಾಕುವುದಿಲ್ಲ, ಅರ್ಧ ಗಂಟೆ ಆರಲು ಬಿಡುತ್ತೇನೆ.

ಇದಕ್ಕೆ ಮುಂಚೆ ಏರ್ ಕೂಲರಿನ ಮುಂದೆಯೂ ಇಟ್ಟು ನೋಡಿದ್ದುಂಟು. ಸೆಲ್ಲು ತಣ್ಣಗಿತ್ತು ನಿಜ, ಆದರೆ ಒದ್ದೆ ಗಾಳಿಗೆ ಚಾರ್ಜರಿನ ತಗಡು ಒಂದೇ ತಿಂಗಳಲ್ಲಿ ಹಸಿರುಗಟ್ಟಿತು. ಫ್ರಿಜ್ಜಿನಲ್ಲಿ ಡಬ್ಬಿಗೆ ಹಾಕಿ ಇಡುವುದೂ ಆಯಿತು. ಸೋರುವುದು ಕಡಿಮೆಯಾಗುತ್ತದೆ, ಹೊರಗೆ ತೆಗೆದಾಗ ಮೈಯೆಲ್ಲ ಬೆವರು. ಎನೆಲೂಪಿನಂಥ ಬೇಗ ಸೋರದ ಸೆಲ್ಲಿಗೆ ಅದರ ಅಗತ್ಯವೂ ಇಲ್ಲ. ಮನೆಯಾಕೆ ಕೊತ್ತಂಬರಿಯ ಪಕ್ಕದಲ್ಲಿ ಬ್ಯಾಟರಿ ನೋಡಿ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ಜೋಡಿಯ ವಿಷಯ. ನನ್ನ ಮಟ್ಟಿಗೆ ಇಡೀ ಗುಟ್ಟು ಇದರಲ್ಲೇ ಇದೆ. ಎರಡು ಸೆಲ್ಲು ಸಾಲಾಗಿ ಕೂಡಿದಾಗ ದುರ್ಬಲವಾದದ್ದು ಮೊದಲು ಖಾಲಿಯಾಗುತ್ತದೆ. ಗಟ್ಟಿಯಾದದ್ದು ಅದರೊಳಗಿಂದಲೇ ಕರೆಂಟ್ ನೂಕಿ ಅದನ್ನು ತಿರುವುಮುರುವು ಮಾಡಿಬಿಡುತ್ತದೆ. ನೊಗದ ಒಂದು ಕಡೆ ಕುಂಟೆತ್ತು ಕಟ್ಟಿದರೆ ಇನ್ನೊಂದು ಎತ್ತೂ ಕೆಡುವ ಹಾಗೆ. ನನ್ನಲ್ಲಿ ಪ್ರತಿ ಜೋಡಿಗೂ ಉಗುರು ಬಣ್ಣದ ಗುರುತಿದೆ: ಕೆಂಪು, ನೀಲಿ, ಕಂದು, ಹೀಗೆ. ಒಟ್ಟಿಗೆ ಚಾರ್ಜು, ಒಟ್ಟಿಗೆ ಕೆಲಸ. ಕೆಂಪಿನ ಒಂದನ್ನು ನೀಲಿಯ ಒಂದರ ಜೊತೆ ಹಾಕಿದ ಕೆಲಸದ ಹುಡುಗನಿಗೆ ಆ ದಿನ ಚಹಾ ಇಲ್ಲ. ಹೊಸ ಸೆಲ್ಲುಗಳಲ್ಲಿ ಯಾವುದಕ್ಕೆ ಯಾವುದು ಜೋಡಿ ಎಂದು ಆರಿಸುವ ಕ್ರಮ ಒಂದಿದೆ. ಬರಿಯ ಎಂಎಎಚ್ ನೋಡಿ ಆರಿಸುವುದಲ್ಲ ಎಂದಷ್ಟೇ ಹೇಳಬಲ್ಲೆ. ಅದನ್ನು ಕಂಡುಕೊಳ್ಳಲು ನನಗೆ ಹಿಡಿದ ಹೊತ್ತು ನಿಮಗೂ ಸ್ವಲ್ಪ ಹಿಡಿಯಲಿ. ಮಲಗಿದ ಸೆಲ್ಲನ್ನು ಎಬ್ಬಿಸುವ ಉಪಾಯವೂ ಒಂದಿದೆ, ಅದಕ್ಕೆ ನಾನು ಸೆಲ್ಲಿಗೆ ಇಪ್ಪತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ.

ತುಂಬಿದ ಸೆಲ್ಲು ತಟ್ಟೆಯಲ್ಲಿ ಗುಂಡಿ (ಪ್ಲಸ್ ತುದಿ) ಮೇಲಾಗಿ ನಿಂತಿರಬೇಕು, ಬಳಸಿದ್ದು ಗುಂಡಿ ಕೆಳಗಾಗಿ. ಇದೊಂದು ರೂಢಿಯಾದ ಮೇಲೆ ಗಿರಾಕಿಗಳೇ, "ಅಣ್ಣಾ, ಕೆಳಮುಖ ಹಾಕಿದ್ದೇನೆ" ಎಂದು ಹೇಳಿ ಹೋಗುತ್ತಾರೆ. ಟಿವಿಯ ಮೇಲೆ ಬರುವ ಬ್ಯಾಟರಿ ಎಚ್ಚರಿಕೆಗೆ ಕಾಯುವುದಿಲ್ಲ. ಈ ಸೆಲ್ಲುಗಳು ಕೊನೆಯವರೆಗೆ 1.2 ವೋಲ್ಟಿನ ಹತ್ತಿರವೇ ನಿಂತು ಆಮೇಲೆ ಒಮ್ಮೆಗೇ ಕುಸಿಯುತ್ತವೆ. ಎಚ್ಚರಿಕೆ ಬಂದಾಗ ಪೆನಾಲ್ಟಿ ಒದೆಯುವ ಹೊತ್ತಾಗಿರುತ್ತದೆ. ಎರಡು ದಿನಕ್ಕೊಮ್ಮೆ, ಖಾಲಿಯಾಗಲಿ ಬಿಡಲಿ, ಬದಲಿಸುವುದೇ.

ಚಾರ್ಜಿನ ಖರ್ಚು ಕೇಳುವವರಿಗೆ: ಒಂದು ಸೆಲ್ಲು ತುಂಬಲು ನಷ್ಟವೆಲ್ಲ ಸೇರಿ ನಾಲ್ಕು ವ್ಯಾಟ್ ಅವರ್ ಎಂದಿಟ್ಟುಕೊಳ್ಳಿ. ಒಂದು ಯೂನಿಟ್ಟಿಗೆ ಇನ್ನೂರೈವತ್ತು ಸೆಲ್ಲು. ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೂ ಸೆಲ್ಲಿಗೆ ಮೂರು ಪೈಸೆ. ಹಾಕಿದ ಏಳೂವರೆ ಸಾವಿರ ಎರಡೂವರೆ ತಿಂಗಳಲ್ಲಿ ವಾಪಸು ಬಂತು.

ಈಚೆಗೆ 1.5 ವೋಲ್ಟಿನ ಲಿಥಿಯಂ ಪೆನ್ಸಿಲ್ ಸೆಲ್ಲು ಬಂದಿದೆ, ಬುಡದಲ್ಲೋ ಪಕ್ಕದಲ್ಲೋ ಮೊಬೈಲಿನ ಕೇಬಲ್ ಚುಚ್ಚಬಹುದು. ಪೆಟ್ಟಿಗೆಯ ಮೇಲೆ 2600 ಎಂದು ದೊಡ್ಡದಾಗಿರುತ್ತದೆ. ಕನ್ನಡಕ ಹಾಕಿಕೊಂಡು ನೋಡಿ, ಅದು ಎಂಎಎಚ್ ಅಲ್ಲ, ಮಿಲಿವ್ಯಾಟ್ ಅವರ್. ನನ್ನ ಬಿಳಿಯ ಸೆಲ್ಲು 2000ವನ್ನು 1.2ರಿಂದ ಗುಣಿಸಿದರೆ 2400 ಆಗುತ್ತದೆ. ಅಂದರೆ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ, ಬೆಲೆ ಮಾತ್ರ ಹೆಚ್ಚು. ಒಂದು ಜೋಡಿ ತಂದು ಆಡಿಸಿದೆ. ಕಂಪನ ಕೊನೆಯವರೆಗೆ ಗಟ್ಟಿಯಾಗಿರುತ್ತದೆ, ಅದು ಹಿಡಿಸಿತು. ಆದರೆ ಪರದೆಯಲ್ಲಿ ಬ್ಯಾಟರಿ ಪೂರ್ತಿ ಇದೆ ಎಂದು ತೋರಿಸುತ್ತಲೇ ಪಟ್ಟನೆ ಸಾಯುತ್ತದೆ. ಮನೆಯಲ್ಲಿ ಒಬ್ಬರೇ ಆಡುವವರಿಗೆ ಪರವಾಗಿಲ್ಲ, ದುಡ್ಡು ಕೊಟ್ಟು ಆಡುವವರ ಕೈಯಲ್ಲಿ ಸತ್ತರೆ ಆ ಗಂಟೆಯ ಹಣ ಬಿಟ್ಟುಕೊಡಬೇಕಾಗುತ್ತದೆ.

ಪ್ಲೇಸ್ಟೇಷನ್ 4ರ ಕಂಟ್ರೋಲರಿನಲ್ಲಿರುವುದು 1000 ಎಂಎಎಚ್ ಲಿಥಿಯಂ ಬ್ಯಾಟರಿ. ಇಲ್ಲಿ ಆಯ್ಕೆಗೆ ಜಾಗ ಕಡಿಮೆ. ಮುಂದಿನ ದೀಪದ ಬೆಳಕನ್ನು ಸೆಟ್ಟಿಂಗ್‌ನಲ್ಲಿ ಮಂದ ಮಾಡಿ, ಕಂಪನ ತಗ್ಗಿಸಿದರೆ ಒಂದಿಷ್ಟು ಹೊತ್ತು ಹೆಚ್ಚು ಬರುತ್ತದೆ. ಬದಲಿ ಬ್ಯಾಟರಿ ತರಿಸುವಾಗ ಕಂಟ್ರೋಲರಿನ ಬೆನ್ನ ಮೇಲಿನ ಮಾದರಿ ಸಂಖ್ಯೆ ನೋಡಿ. ಮೊದಲ ಮಾದರಿಗೂ ನಂತರದ ಝಡ್‌ಸಿಟಿ2ಕ್ಕೂ ಪಿನ್ನಿನ ಅಳತೆ ಬೇರೆ. ಅದೇ ಗಾತ್ರದಲ್ಲಿ 2000 ಎಂದು ಬರೆದ ಬ್ಯಾಟರಿಗೂ ತಕ್ಕಡಿಯ ಪರೀಕ್ಷೆಯೇ ಮದ್ದು. ಚಾರ್ಜಿಂಗ್ ಸ್ಟ್ಯಾಂಡಿನ ನೀಲಿ ದೀಪ ಚೆಂದವೆಂದು ಪಡುವಣ ಗೋಡೆಯ ಕಪಾಟಿನಲ್ಲಿ ಇಟ್ಟಿದ್ದ ಗೆಳೆಯನೊಬ್ಬನ ಕಂಟ್ರೋಲರುಗಳ ಬೆನ್ನು ಬಿರಿದುಕೊಂಡಿತ್ತು, ಬ್ಯಾಟರಿ ಉಬ್ಬಿ. ಲಿಥಿಯಂ ಪೂರ್ತಿ ತುಂಬಿ ಬಿಸಿಲಿನಲ್ಲಿ ಕುಳಿತರೆ ಬೇಗ ಮುದಿಯಾಗುತ್ತದೆ. ನನ್ನವು ರಾತ್ರಿ ಅರ್ಧಕ್ಕೆ ನಿಂತು, ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಪೂರ್ತಿಯಾಗುತ್ತವೆ.

ಕರೆಂಟ್ ಹೋದಾಗ ಕನ್ಸೋಲ್ ಆರಿ ಮತ್ತೆ ಹೊತ್ತುವ ರೋಗಕ್ಕೆ ಹೊಸ ಇನ್ವರ್ಟರ್ ಬೇಕಿಲ್ಲ. ಬಹಳಷ್ಟು ಇನ್ವರ್ಟರುಗಳ ಹಿಂದೆ ಯುಪಿಎಸ್ ಎಂಬ ಸಣ್ಣ ಸ್ವಿಚ್ಚಿರುತ್ತದೆ. ಅದನ್ನು ಒತ್ತಿದರೆ ಬದಲಾವಣೆ ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ, ಕನ್ಸೋಲಿಗೆ ಗೊತ್ತೇ ಆಗುವುದಿಲ್ಲ. ಆದರೆ ಸಂಜೆ ಓಣಿಯಲ್ಲೆಲ್ಲ ಕೂಲರು ಶುರುವಾಗಿ ವೋಲ್ಟೇಜು 180ಕ್ಕಿಂತ ಕೆಳಗಿಳಿದರೆ ಅದೇ ಸ್ವಿಚ್ಚು ಸುಮ್ಮಸುಮ್ಮನೆ ಬ್ಯಾಟರಿಗೆ ಹಾರುತ್ತದೆ, ರಾತ್ರಿ ಎಂಟಕ್ಕೆ ನಿಜವಾಗಿ ಕರೆಂಟ್ ಹೋದಾಗ ಅದರಲ್ಲಿ ಏನೂ ಉಳಿದಿರುವುದಿಲ್ಲ. ನಾನು ಇನ್ವರ್ಟರಿನ ಮುಂದೆ ಒಂದು ಸ್ಟೆಬಿಲೈಸರ್ ಹಾಕಿದ್ದೇನೆ, ಹಳೆಯದು, ಗುಜರಿಯಲ್ಲಿ ಆರುನೂರಕ್ಕೆ ಸಿಕ್ಕಿದ್ದು.

ಆಲ್ಕಲೈನ್ ಸೆಲ್ಲು ಒಳಗೆ ಸೋರಿ ಸ್ಪ್ರಿಂಗಿನ ಮೇಲೆ ಬಿಳಿ ಉಪ್ಪು ಕಟ್ಟಿದ ಹಳೆಯ ಕಂಟ್ರೋಲರ್ ಸಿಕ್ಕರೆ ಎಸೆಯಬೇಡಿ. ಆ ಉಪ್ಪು ಕ್ಷಾರ, ಕಿವಿ ಒರೆಸುವ ಹತ್ತಿಕಡ್ಡಿಗೆ ನಿಂಬೆರಸ ಹಚ್ಚಿ ತಿಕ್ಕಿದರೆ ಸುಯ್ ಎಂದು ನೊರೆ ಬಂದು ಬಿಡುತ್ತದೆ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಣಗಿಸಿ. ನನ್ನಲ್ಲಿರುವ ಒಂದು ಕಂಟ್ರೋಲರ್ ಹೀಗೆ ನೂರೈವತ್ತು ರೂಪಾಯಿಗೆ ಬಂದದ್ದು.

ಬಿಳಿಯ ಸೆಲ್ಲುಗಳಲ್ಲಿ ಯಾವುದಾದರೂ 1200ಕ್ಕಿಂತ ಕೆಳಗಿಳಿದರೆ ಕಂಟ್ರೋಲರಿನ ಕೆಲಸದಿಂದ ಬಿಡಿಸಿ ಮಕ್ಕಳ ಆಟಿಕೆಗೆ ಕೊಡುವುದೆಂದು ಇಟ್ಟುಕೊಂಡಿದ್ದೇನೆ. ಈವರೆಗೆ ಒಂದೂ ಇಳಿದಿಲ್ಲ. ಗೋಡೆ ಗಡಿಯಾರಕ್ಕೆ ಮಾತ್ರ ಇವನ್ನು ಹಾಕಬೇಡಿ. ಅದಕ್ಕೆ ಹನ್ನೆರಡು ರೂಪಾಯಿಯ ಸೆಲ್ಲೇ ವರ್ಷ ಬರುತ್ತದೆ.